ಚಿಕ್ಕತಾಯಮ್ಮನ ದವಡೆ ಹಲ್ಲಿಗೆ

ಸೆರಗು ಕೆನ್ನೆಗೊತ್ತಿಕೊಂಡು ಟೀ ಸೋಸಬೇಡ, ಚಿಕ್ಕತಾಯಮ್ಮ.
ಲವಂಗ ಎಷ್ಟು ದಿನ ಕಾದೀತು?
ಕಳ್ಳ ಆಗಲೇ ಒಳಗಿದ್ದಾನೆ.
ರಾತ್ರಿ ಎರಡಕ್ಕೆದ್ದು ಉಪ್ಪುನೀರು ಮುಕ್ಕಳಿಸಿದ್ದು
ನಿನ್ನ ಕಣ್ಣಲ್ಲೇ ಕಾಣುತ್ತೆ.
ನಾನೂ ಹೀಗೇ ಇದ್ದೆ, ಹೋದ ಶ್ರಾವಣದಲ್ಲಿ.

ಗುತ್ತಲು ರಸ್ತೆ, ಮೆಡಿಕಲ್ ಶಾಪಿನ ಮೇಲೆ, ಹದಿನೆಂಟು ಮೆಟ್ಟಿಲು.
ಡಾಕ್ಟರ್ ಹೆಸರು ತಹಸೀನಾ. ಚಪ್ಪಲಿ ಕೆಳಗೇ ಬಿಡಬೇಕು.
ಮೊದಲು, ಶುಗರ್ ಇದೆಯಾ ಅಂತ ಕೇಳ್ತಾರೆ.
ಮಂಡ್ಯದಲ್ಲಿ ಕೇಳೋ ಪ್ರಶ್ನೆಯಾ ಅದು!
ನಗಬೇಡ, ಇದ್ದರೆ ಇದೆ ಅನ್ನು,
ಬೆಳಗಿನ ಮಾತ್ರೆಯ ಹೆಸರು
ಚೀಟಿಯಲ್ಲಿ ಬರೆಸಿಕೊಂಡು ಹೋಗು.

ಆಮೇಲೆ ಫೋಟೊ. ಮುಖದ್ದಲ್ಲ.
ಕಂಪ್ಯೂಟರಲ್ಲಿ ಬೂದಿ ಬಣ್ಣದ ದವಡೆ,
ಅದರೊಳಗೆ ಹಲ್ಲು ಎರಡು ಕಾಲು ಇಳಿಬಿಟ್ಟು ಕೂತಿದೆ
ನಾಲೆ ಏರಿಯ ಮೇಲೆ ಹುಡುಗ ಕೂತ ಹಾಗೆ.
ಕಾಲ ತುದಿಯಲ್ಲೊಂದು ಕಪ್ಪು. ಅದು ಕೀವು.
ರೂಟ್ ಕೆನಾಲ್ ಮಾಡಬೇಕು ಅಂದರು.
ಕೆನಾಲಾದರೆ ನೀರು ಯಾವಾಗ ಬಿಡ್ತೀರಿ ಅಂದೆ.
ಇಷ್ಟು ಊದಿದ್ದರೂ ಚೇಷ್ಟೆ ನೋಡು, ಅಂತ ನಕ್ಕರು.

ಸೂಜಿ ನೋಯುತ್ತೆ. ಸುಳ್ಳು ಹೇಳಲ್ಲ.
ಹತ್ತು ಎಣಿಸುವಷ್ಟು ಹೊತ್ತು.
ಆಮೇಲೆ ತುಟಿ ನಿನ್ನದಲ್ಲ,
ಪಕ್ಕದ ಮನೆಯಿಂದ ಎರವಲು ತಂದದ್ದು.
ಅಷ್ಟಾಗಿಯೂ ಚುಳುಕ್ ಅಂದರೆ ಎಡಗೈ ಎತ್ತು.
ನಾನು ಗಂಡಸು ಅಂತ ಎತ್ತಲಿಲ್ಲ,
ಕುರ್ಚಿಯ ಕೈ ಹಿಡಿದೂ ಹಿಡಿದೂ ಬೆರಳು ಬೆಳ್ಳಗಾದವು.
ಅದನ್ನು ನೋಡಿ ಅವರೇ ನಿಲ್ಲಿಸಿ
ಇನ್ನೊಂದು ಸೂಜಿ ಕೊಟ್ಟರು.
ನೀನು ಎತ್ತು.

ಹಲ್ಲಿನ ಸುತ್ತ ಹಸಿರು ರಬ್ಬರ್ ಹಾಳೆ ಬಿಗೀತಾರೆ.
ಉಸಿರು ಮೂಗಲ್ಲೇ.
ಡ್ರಿಲ್ಲಿನ ಸದ್ದು, ಸೊಳ್ಳೆಗೆ ಮೈಕು ಕೊಟ್ಟ ಹಾಗೆ.
ಅದು ನಿಂತ ಮೇಲೆ ಕೂದಲಿನಷ್ಟು ಸಪೂರ ಸೂಜಿಗಳು,
ಹಳದಿ ಹಿಡಿ, ಕೆಂಪು ಹಿಡಿ, ನೀಲಿ ಹಿಡಿ,
ಹೂಳೆತ್ತುತ್ತ ಹೂಳೆತ್ತುತ್ತ ಇಳೀತಾರೆ.
ಬ್ಲೀಚಿಂಗ್ ಪೌಡರ್ ವಾಸನೆ.
ಬೇರಿನ ತುದಿ ಸಿಕ್ಕಾಗ
ಪಕ್ಕದ ಪೆಟ್ಟಿಗೆ ಕುಂಯ್ ಅನ್ನುತ್ತೆ, ಬೆಚ್ಚಬೇಡ.

ನರ ತೋರಿಸಿ ಅಂದೆ.
ಒಂದು ಬೇರಲ್ಲಿ ಕೊಳೆತು ನೀರಾಗಿತ್ತು.
ಇನ್ನೊಂದರದ್ದು ಹತ್ತಿಯ ಮೇಲೆ
ಕೆಂಪು ಎಳೆ, ಇಷ್ಟೇ ಇಷ್ಟು.
ಇಪ್ಪತ್ತಾರು ವರ್ಷ ಮಂಡಿಯಲ್ಲಿ ಬೆಲ್ಲ ನೋಡಿದ್ದು ಇದರಲ್ಲೇ, ತಾಯಿ.
ಕುರಿಕಾಲಚ್ಚಿನ ಮೂಲೆ ಕಚ್ಚಿದರೆ ಸಾಕು,
ಪಾಕ ಎಳೆಯದಾ, ಸುಣ್ಣ ಜಾಸ್ತಿಯಾ,
ಸಕ್ಕರೆ ಬೆರೆಸಿದ್ದಾರಾ,
ನಾಲಗೆಗಿಂತ ಮೊದಲು ಈ ಹಲ್ಲು ಹೇಳುತ್ತಿತ್ತು.
ಕಣ್ಣಲ್ಲಿ ನೀರು ಬಂತು.
ಔಷಧಿ ಘಾಟು ಅಂದುಕೊಂಡು ಅವರು ಫ್ಯಾನ್ ತಿರುಗಿಸಿದರು.

ಮೂರು ಸಲ ಹೋಗಬೇಕು.
ನಾಲ್ಕು ದಿನ ಕಚ್ಚಿದರೆ ನೋಯುತ್ತೆ, ಹೆದರಬೇಡ.
ಮುಖ ಊದಿ ಜ್ವರ ಬಂದರೆ ಮಾತ್ರ ಫೋನ್ ಮಾಡು.
ಕೊನೆಗೆ ಕ್ಯಾಪ್ ಹಾಕಿಸಿಕೋ, ದುಡ್ಡು ಉಳಿಸಲು ಹೋಗಬೇಡ:
ಜೀವ ಹೋದ ಹಲ್ಲು ಒಣಗಿದ ಜಲ್ಲೆ, ಒಂದಿನ ಸೀಳುತ್ತೆ.
ಒಟ್ಟು ಏಳು ಸಾವಿರ. ಎರಡು ಕಂತಿಗೆ ಒಪ್ತಾರೆ.

ಮತ್ತೆ, ತುಟಿ ವಾಪಸ್ ಬರುವವರೆಗೆ ಏನೂ ಕುಡೀಬೇಡ.
ಅವತ್ತು ನೇರ ನಿನ್ನ ಅಂಗಡಿಗೆ ಬಂದೆನಲ್ಲ,
ಟೀ ಗದ್ದದ ಮೇಲಿಂದ ತೂಕದ ಚೀಟಿಗೆ ಸುರಿದು
ನಲವತ್ತೆರಡು ಕ್ವಿಂಟಾಲ್ ಬರೀ ಎರಡಾಯಿತು.

ಈಗ ಬಲಕ್ಕೆ ಕಚ್ತೀನಿ. ಆ ಹಲ್ಲು ಇನ್ನೂ ಕಲೀತಿದೆ.
ಹೋದ ವಾರ ಕೀಲಾರದ ಗಾಡಿಗೆ ತಪ್ಪು ಹೇಳಿತು;
ಗೇಟಿನ ತನಕ ಓಡಿ ಅವರನ್ನು ಕರೆತಂದು ದರ ತಿದ್ದಿದೆ.

ಶನಿವಾರ ಹನ್ನೊಂದಕ್ಕೆ ಹೆಸರು ಬರೆಸಿದ್ದೀನಿ.
ಬೆಳಗ್ಗೆ ಹೊಟ್ಟೆ ತುಂಬ ಉಂಡು ಹೋಗು.
ಸ್ಟೌವ್ ನಾನು ನೋಡ್ಕೋತೀನಿ,
ಹಮಾಲರು ಬೈದರೆ ಬೈಸಿಕೋತೀನಿ.
ಒಂದು ಕೆಟಲಿಗೆ ಸಕ್ಕರೆ ಎಷ್ಟು
ಅನ್ನೋದು ಮಾತ್ರ ಹೇಳಿ ಹೋಗು.